ಒಂದು ಗಂಟೆ ಮುಂದಿರುವ ಊರು

ಬಾಸೆಲ್ ಪಟ್ಟಣಕ್ಕೆ ಕಾಲಿಟ್ಟ ದಿನ ಅಬ್ದಿಯಾಸ್ ಮೊರೆಲ್ ಮೊಟ್ಟಮೊದಲು ಕಳೆದುಕೊಂಡದ್ದು ಒಂದು ಗಂಟೆಯನ್ನು. ಸೂರ್ಯ ನೆತ್ತಿಯ ಮೇಲೆ ನಿಂತು ಹನ್ನೆರಡು ಎನ್ನುತ್ತಿದ್ದಾಗ ಊರಿನ ಗಡಿಯಾರದ ಗೋಪುರ ಒಂದು ಗಂಟೆ ಹೊಡೆಯಿತು. ಧರ್ಮದ ಕಾರಣಕ್ಕೆ ಫ್ರಾನ್ಸ್ ಬಿಟ್ಟು ಓಡಿಬಂದವರಿಗೆ ಹನ್ನೆರಡಕ್ಕೆ ಹಂಚುತ್ತಿದ್ದ ಬಾರ್ಲಿ ಗಂಜಿಯ ಹಂಡೆಯನ್ನು ಅಷ್ಟರಲ್ಲಿ ತೊಳೆದು ಬೋರಲು ಹಾಕಿಯಾಗಿತ್ತು. ಸುತ್ತಮುತ್ತಲ ಯಾವ ಊರಿನಲ್ಲೂ ಇಲ್ಲದ ಈ ಪದ್ಧತಿ, ಗಡಿಯಾರವನ್ನು ಸೂರ್ಯನಿಗಿಂತ ಒಂದು ಗಂಟೆ ಮುಂದಿಡುವುದು, ಯಾವಾಗ ಬಂತು, ಏಕೆ ಬಂತು ಎಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಅಜ್ಜಂದಿರ ಕಾಲದಲ್ಲಿ ಹೊಸ ಪ್ರಾಟೆಸ್ಟೆಂಟ್ ಧರ್ಮ ಬಂದಾಗ ಸಂತರ ವಿಗ್ರಹಗಳನ್ನೆಲ್ಲ ಹೊರಗೆಳೆದು ಬೆಂಕಿಗೆ ಹಾಕಿದ ಜನ ಗಡಿಯಾರದ ಮುಳ್ಳನ್ನು ಮಾತ್ರ ಮುಟ್ಟಿರಲಿಲ್ಲ.

ಕ್ರಿಶೋನಾ ಈ ಗಂಜಿಯ ಕಥೆಯನ್ನು ಮೊರೆಲನ ಬಾಯಿಂದ ಹತ್ತು ಸಲ ಕೇಳಿ ಹತ್ತು ಸಲವೂ ನಕ್ಕಿದ್ದಳು. ಐದು ವರ್ಷ ಕಳೆದರೂ ಅವನು ಊಟಕ್ಕೆ ಕರೆದಲ್ಲಿಗೆ ತಡವಾಗಿಯೇ ಬರುತ್ತಿದ್ದ. ನಿಮ್ಮ ಕಾಲು ಮಾತ್ರ ಇಲ್ಲಿಗೆ ಬಂದಿದೆ, ಹೊಟ್ಟೆ ಇನ್ನೂ ಫ್ರಾನ್ಸಿನಲ್ಲೇ ಇದೆ ಎಂದು ಅವಳು ಅಣಕಿಸುತ್ತಿದ್ದಳು.

ಸಂತ ಆಲ್ಬನ್ ಕಾಲುವೆಯ ದಡದ ಕಾಗದದ ಗಿರಣಿ ಅವಳದು. ಗಂಡ ಸತ್ತು ಎಂಟು ವರ್ಷವಾಗಿತ್ತು. ಹೆಸರಿಗೆ ಕಲೆ ಹತ್ತದಿರುವ ತನಕ ವಿಧವೆ ಗಿರಣಿ ನಡೆಸಬಹುದೆಂದು ಕಸುಬಿನ ಸಂಘ ಒಪ್ಪಿತ್ತು. ಒಪ್ಪಿಗೆಯ ಆ ಒಂದು ಸಾಲಿನ ಮೇಲೆ ಅವಳ ಮನೆ, ಅನ್ನ, ಹದಿನಾಲ್ಕು ಆಳುಗಳ ಬದುಕು ಎಲ್ಲವೂ ನಿಂತಿತ್ತು. ಹೀಗಾಗಿ ಕಲೆ ಎಂಬುದನ್ನು ಅವಳು ಎರಡು ಕಡೆ ಮಾತ್ರ ಹುಡುಕುತ್ತಿದ್ದಳು: ತನ್ನ ನಡತೆಯಲ್ಲಿ ಮತ್ತು ತನ್ನ ಹಾಳೆಗಳಲ್ಲಿ.

ಮೂರನೆಯ ಜಾಗದಲ್ಲಿ ಅದು ತಾನಾಗಿ ಕಾಣಿಸಿಕೊಂಡಿತು. ಹಿಂದಿನ ಚಳಿಗಾಲದ ಒಂದು ಬೆಳಿಗ್ಗೆ ಅವಳು ಹಾಳೆ ಒಣಗಿಸುವ ಅಟ್ಟಕ್ಕೆ ಹತ್ತಿ ಹೋಗಿದ್ದಳು. ಮೇಲ್ಗೋಡೆಯ ಮುಚ್ಚಿದ ಗವಾಕ್ಷಿಯ ಹಲಗೆಯಲ್ಲಿ ಮರದ ಗಂಟು ಉದುರಿ ಒಂದು ತೂತಾಗಿತ್ತು. ಆ ತೂತಿನಿಂದ ನುಗ್ಗಿದ ಬಿಸಿಲು ಅಟ್ಟದ ಉದ್ದಕ್ಕೂ ಹಾಯ್ದು, ಕೊನೆಯ ಹಗ್ಗದಲ್ಲಿ ತೂಗುತ್ತಿದ್ದ ಹಾಳೆಯ ಮೇಲೆ ತಟ್ಟೆಯಷ್ಟು ದೊಡ್ಡ ಬೆಳಕಿನ ಬಿಲ್ಲೆಯಾಗಿ ಬಿದ್ದಿತ್ತು. ಬಿಲ್ಲೆಯ ನಡುವೆ ಒಂದು ಕಪ್ಪು ಚುಕ್ಕೆ. ತೊಟ್ಟಿಯಿಂದ ಹಾಳೆ ಎತ್ತುವವನ ಕೈಯಿಂದ ಹನಿ ಬಿದ್ದರೆ ಹಾಳೆಯಲ್ಲಿ ಉಳಿಯುವ ಗುರುತಿಗೆ ಗಿರಣಿಯವರು ಕಣ್ಣೀರು ಎನ್ನುತ್ತಾರೆ. ಕ್ರಿಶೋನಾ ಕೆಳಕ್ಕೆ ಬಗ್ಗಿ ತೊಟ್ಟಿಯ ಬ್ಲೇಸಿಯನ್ನು ಕೂಗಿ ಕರೆದಳು. ಮೂವತ್ತು ವರ್ಷದಿಂದ ತೊಟ್ಟಿಯ ಮುಂದೆ ನಿಂತು ಮುಂಗೈ ಬೆಂದ ಬೀಟ್‌ರೂಟಿನಂತಾಗಿದ್ದ ಮುದುಕ ಏದುತ್ತ ಮೇಲೆ ಬಂದು, ಹಾಳೆಯನ್ನು ನೋಡಿ, ಮೂಗು ಸೀಟಿಕೊಂಡ.

"ಈ ಕಣ್ಣೀರು ನಂದಲ್ಲ ಯಜಮಾನ್ತಿ."

"ನಿಂದಲ್ಲದೆ ಇನ್ಯಾರದೋ? ತೊಟ್ಟೀಲಿ ನಾನು ಕೈ ಹಾಕಿದ್ನಾ?"

ಬ್ಲೇಸಿ ಹಾಳೆಯನ್ನು ಹಗ್ಗದ ಮೇಲೆ ಒಂದು ಗೇಣು ಸರಿಸಿದ. ಹಾಳೆ ಸರಿಯಿತು, ಬಿಲ್ಲೆಯ ನಡುವಿನ ಚುಕ್ಕೆ ಸರಿಯಲಿಲ್ಲ. ತಪ್ಪು ತನ್ನದಲ್ಲವೆಂದು ತೋರಿಸಿಯಾದ ಮೇಲೆ ಚುಕ್ಕೆ ಯಾರದಾದರೆ ತನಗೇನು ಎಂಬಂತೆ ಅವನು ಇಳಿದುಹೋದ. ಕ್ರಿಶೋನಾ ಮಾತ್ರ ಅಲ್ಲೇ ನಿಂತಳು. ಸತ್ಯವೇದವನ್ನು, ಅಂದರೆ ಬೈಬಲನ್ನು, ಇನ್ನೊಬ್ಬರ ಬಾಯಿಂದ ಕೇಳಿ ನಂಬಬೇಡಿ, ನಿಮ್ಮ ಕಣ್ಣಿನಿಂದಲೇ ಓದಿಕೊಳ್ಳಿ ಎಂದು ಬಾಲ್ಯದಲ್ಲಿ ಅಕ್ಷರ ಕಲಿಸಿದ ಚರ್ಚಿನ ಸಭಾಪಾಲಕರು ಹೇಳುತ್ತಿದ್ದರು. ಆ ಮಾತನ್ನು ಅವಳು ಪುಸ್ತಕವೊಂದಕ್ಕೇ ಸೀಮಿತವೆಂದು ತಿಳಿದಿರಲಿಲ್ಲ.

ಊರಿನ ಹುಡುಗರಿಗೆ ಲೆಕ್ಕ ಹೇಳಿಕೊಟ್ಟು ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ಮೊರೆಲ್, ಕಲೆ ಬಿದ್ದು ಬೇರ್ಪಡಿಸಿದ ಬೀಳು ಹಾಳೆಗಳನ್ನು ಅಗ್ಗಕ್ಕೆ ಕೊಳ್ಳಲು ಬಂದವನು, ಆ ಚುಕ್ಕೆಯನ್ನು ನೋಡಿ ಮೆಟ್ಟಿಲ ಮೇಲೇ ಕುಳಿತುಬಿಟ್ಟ. ಮುಂದಿನ ವರ್ಷವಿಡೀ ಇಬ್ಬರೂ ಅದರ ಹಿಂದೆ ಬಿದ್ದರು. ಸ್ಟ್ರಾಸ್‌ಬರ್ಗಿನ ಸಂತೆಯಿಂದ ಅವನೊಂದು ದುರ್ಬೀನು ತಂದು ತೂತಿಗೆ ಅಳವಡಿಸಿದ. ಸೂರ್ಯನ ಬಿಂಬ ಹಾಳೆಯ ಮೇಲೆ ಇನ್ನೂ ಸ್ಪಷ್ಟವಾಯಿತು. ಚುಕ್ಕೆ ಒಂದಲ್ಲ, ಹಲವು. ಅವು ದಿನದಿನಕ್ಕೆ ಒಂದೇ ದಿಕ್ಕಿಗೆ ಸರಿಯುತ್ತಿದ್ದವು. ಕ್ರಿಶೋನಾ ಬಿಂಬದ ಮೇಲೆಯೇ ಸೀಸದ ಕಡ್ಡಿ ಓಡಿಸಿ ಚಿತ್ರ ಬರೆಯುವಳು, ಕೆಳಗೆ ದಿನ ಮತ್ತು ಗಂಟೆ ದಾಖಲಿಸುವಳು. ಮೊರೆಲ್ ಅದನ್ನು ಅಳೆಯುವನು; ಆ ಹಾಳೆಗಳನ್ನು ಅವಳು ಒಂದು ಪುಸ್ತಕವಾಗಿ ಹೊಲಿಯುವಳು. ಬಾಸೆಲಿನ ಗಂಟೆ ಬರೆದರೆ, ಕೊನೆಗೆ ಪುಸ್ತಕವನ್ನು ಕಳಿಸಬೇಕಾದ ಲೈಡನ್ನಿನ ವಿದ್ವಾಂಸರು ನಗುತ್ತಾರೆ ಎಂದು ಅವನು ಹೇಳಿದ್ದರಿಂದ ಇಬ್ಬರೂ ಸೂರ್ಯನ ಗಂಟೆಯನ್ನೇ ಬರೆಯುತ್ತಿದ್ದರು. ಊರು ಒಂಬತ್ತು ಎನ್ನುವಾಗ ಅವರ ಪುಸ್ತಕದಲ್ಲಿ ಎಂಟು. ಇಡೀ ಪಟ್ಟಣದಲ್ಲಿ ಎಂಟನ್ನು ಎಂಟೆಂದು ಕರೆಯುವವರು ನಾವಿಬ್ಬರೇ ಎಂದು ಅವನು ಹೆಮ್ಮೆಪಡುತ್ತಿದ್ದ. ಅವನ ಬಾಯಲ್ಲಿ ಯಾವಾಗಲೂ ನಾವು: ನಾವು ಕಂಡೆವು, ನಾವು ಅಳೆದೆವು. ಅವಳಿಗೆ ಅಕ್ಕ ಎನ್ನುತ್ತಿದ್ದ. ಒಡಹುಟ್ಟಿದವರಿಲ್ಲದ ಕ್ರಿಶೋನಾಳಿಗೆ ಆ ಎರಡು ಮಾತುಗಳೂ, ನಾವು ಮತ್ತು ಅಕ್ಕ, ಚಳಿಯಲ್ಲಿ ಕೈಗೆ ಸಿಕ್ಕ ಬಿಸಿ ಬಟ್ಟಲಿನಂತಿದ್ದವು.

ಈ ವರ್ಷ ಫೆಬ್ರವರಿಯಲ್ಲಿ ಹಿಂದೆಂದೂ ಕಾಣದಷ್ಟು ದೊಡ್ಡದೊಂದು ಕಲೆ ಸೂರ್ಯನ ಅಂಚಿನಿಂದ ಮೂಡಿ ಒಳಗೆ ನಡೆಯಿತು. ಹನ್ನೆರಡನೆಯ ದಿನ ಅದು ಇನ್ನೊಂದು ಅಂಚು ಮುಟ್ಟಬೇಕು. ಇಡೀ ಕೆಲಸದ ತಿರುಳು ಅಲ್ಲಿತ್ತು. ಅಂಚಿನಲ್ಲಿಯೂ ಕಲೆ ಗುಂಡಗೇ ಉಳಿದರೆ ಅದು ಸೂರ್ಯನಿಗೂ ನಮಗೂ ನಡುವೆ ತೇಲುವ ಯಾವುದೋ ಗ್ರಹ. ತಿರುಗಿಸಿದ ಸೇಬಿನ ಮೇಲಿನ ಗಾಯದಂತೆ ತೆಳ್ಳಗಾದರೆ ಅದು ಸೂರ್ಯನ ಮೈಮೇಲಿನದೇ, ಸೂರ್ಯನೇ ತಿರುಗುತ್ತಿದ್ದಾನೆ. ಆದರೆ ಹನ್ನೆರಡನೆಯ ದಿನ ಭಾನುವಾರವಾಗಿತ್ತು; ಅದುವರೆಗೆ ಅವರು ಯಾವ ಭಾನುವಾರವೂ ಬಿಂಬ ನೋಡಿರಲಿಲ್ಲ. ಸೂರ್ಯನ ಎಂಟು ಎಂದರೆ ಊರಿನ ಒಂಬತ್ತು, ಅಂದರೆ ಚರ್ಚಿನಲ್ಲಿ ಸಭಾಪಾಲಕರು ಉಪದೇಶ ಹೇಳುವ ಪ್ರಸಂಗದ ಹೊತ್ತು. ಆ ಹೊತ್ತಿನಲ್ಲಿ ಕೆಲಸ ಮಾಡುವವರನ್ನು ಚರ್ಚಿನ ಸಭೆಯ ಹಿರಿಯರು ಕರೆಸಿ ವಿಚಾರಿಸುತ್ತಿದ್ದರು. ಪ್ರಸಂಗ ಮುಗಿದ ಮೇಲೆ ನೋಡಿದರಾಗದೇ ಎಂದು ಕ್ರಿಶೋನಾ ಕೇಳಿದಳು. ಹೊತ್ತು ಬದಲಾದರೆ ಬಿಂಬ ವಾಲುತ್ತದೆ, ಹಿಂದಿನ ದಿನಗಳ ಚಿತ್ರಗಳೊಡನೆ ಹೊಂದುವುದಿಲ್ಲ ಎಂದು ಮೊರೆಲ್ ಹೇಳಿದ. ತಾನೇ ಬರುತ್ತಿದ್ದೆ, ಆದರೆ ಫ್ರೆಂಚರ ಚರ್ಚಿನ ಸಭೆಯಲ್ಲಿ ತನ್ನ ಹಾಜರಿಯನ್ನು ಎಣಿಸುತ್ತಾರೆ ಎಂದ.

"ಕಾಲು ಗಂಟೆ ಸಾಕು ಅಕ್ಕಾ. ಆಮೇಲೆ ಹೋಗಿ ಹಿಂದಿನ ಬಾಗಿಲ ಹತ್ತಿರ ನಿಂತ್ಕೊಳ್ಳಿ. ಈ ಒಂದು ದಿನ ತಪ್ಪಿದ್ರೆ ನಾವು ಮಾಡಿದ್ದೆಲ್ಲ ನೀರಲ್ಲಿ ಹೋದ ಹಾಗೆ."

ಅವಳು ಹತ್ತಿದಳು. ಮೋಡ ಸರಿದು ಬಿಂಬ ಬಿತ್ತು. ಅಂಚಿನಲ್ಲಿ ಕಲೆ ರೊಟ್ಟಿಗೆ ಹಾಕುವ ಶಾಜೀರಿಗೆಯ ಕಾಳಿನಷ್ಟು ತೆಳ್ಳಗೆ, ನೆಟ್ಟಗೆ ನಿಂತಿತ್ತು. ಅಂದರೆ ತಿರುಗುತ್ತಿರುವುದು ಸೂರ್ಯನೇ. ಚಿತ್ರ ಮುಗಿಸಿ ಓಡಿ, ಪ್ರಸಂಗದ ನಡುವೆ ಹಿಂದಿನ ಬಾಗಿಲಿನಿಂದ ಒಳಸೇರಿದಳು. ಮಧ್ಯಾಹ್ನ ಅವಳ ಮನೆಯ ಮೇಜಿನ ಮುಂದೆ ಆ ಚಿತ್ರ ನೋಡಿ ಮೊರೆಲ್ ಅತ್ತ. ಅತ್ತವನೇ ರೊಟ್ಟಿಯ ಮೂರು ಹೋಳು ತಿಂದ.

ಮಂಗಳವಾರ ಹಿರಿಯರ ಕರೆ ಬಂತು. ಕರ್ತನ ದಿನವಾದ ಭಾನುವಾರ ಪ್ರಸಂಗದ ವೇಳೆಯಲ್ಲಿ ಅಟ್ಟದಲ್ಲಿ ಕೆಲಸ ಮಾಡಿದ್ದಕ್ಕೆ ಗುರುವಾರ ಉತ್ತರಿಸಬೇಕು, ಪುಸ್ತಕವನ್ನೂ ತರಬೇಕು. ಕರೆಯನ್ನು ಓದುತ್ತಿದ್ದಂತೆ ಕ್ರಿಶೋನಾಳ ಕಣ್ಣು ಕಿಟಕಿಯಾಚೆ ತೊಟ್ಟಿಯ ಕಡೆ ಹೋಯಿತು. ಭಾನುವಾರ ಅವಳು ಮೆಟ್ಟಿಲು ಹತ್ತುವುದನ್ನು ಕಂಡವನು ಬ್ಲೇಸಿ ಒಬ್ಬನೇ. ಚರ್ಚಿಗೆ ಹೊರಟಿದ್ದವನು, ಸೂರ್ಯನ ಮುಖ ತೊಳೆಯೋಕೆ ಹೊರಟ್ರಾ ಯಜಮಾನ್ತಿ ಎಂದು ಹಲ್ಲುಕಿರಿದಿದ್ದ. ಚುಕ್ಕೆಯ ದಿನದ ಬೈಗುಳವನ್ನು ಅವನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಆ ಸಂಜೆ ಮೊರೆಲ್ ಬಂದಾಗ ಅವಳು ತನ್ನ ಅನುಮಾನವನ್ನು ಮುಚ್ಚಿಡಲಿಲ್ಲ. ಮೊರೆಲ್ ಒಲೆಯ ಮುಂದೆ ಕುಳಿತು ಬೆಂಕಿಗೆ ಒಂದು ಕೊರಡು ತಳ್ಳಿದ.

"ಪಾಪ, ಓದು ಬರಹ ಇಲ್ಲದ ಮುದುಕ," ಎಂದ. "ಯಾರೋ ಬಾಯಿ ಬಿಡಿಸಿರ್ತಾರೆ. ಕ್ಷಮಿಸಿಬಿಡಿ ಅಕ್ಕಾ."

ಅವಳು ಕ್ಷಮಿಸಲಿಲ್ಲ. ಮರುದಿನ ಬೆಳಿಗ್ಗೆ ಬ್ಲೇಸಿಯನ್ನು ತೊಟ್ಟಿಯಿಂದ ತೆಗೆದು, ಕಾಗದಕ್ಕೆ ಅರೆಯುವ ಚಿಂದಿ ಆರಿಸುವ ಕೋಣೆಗೆ ಹಾಕಿದಳು. ಅಲ್ಲಿ ಹೆಂಗಸರು ಕೂತು ಹಳೆಯ ಅಂಗಿಗಳ ಗುಂಡಿ ಕೀಳುತ್ತಿದ್ದರು. ಬ್ಲೇಸಿ ಒಂದು ಬುಟ್ಟಿಯನ್ನು ಮಗುಚಿ ಅದರ ಮೇಲೆ ಕುಳಿತು, ಬೀಟ್‌ರೂಟಿನ ಕೈಗಳಿಂದ ಯಾವುದೋ ಮಗುವಿನ ಅಂಗಿಯ ಗುಂಡಿ ಬಿಚ್ಚತೊಡಗಿದ.

ಗುರುವಾರ ಚರ್ಚಿನ ಪಕ್ಕದ ಕೋಣೆಯಲ್ಲಿ ಹಿರಿಯ ಸಭಾಪಾಲಕರು, ಅವರ ಎರಡೂ ಬದಿಗೆ ಇಬ್ಬಿಬ್ಬರು ಹಿರಿಯರು, ಮೂಲೆಯಲ್ಲಿ ಗುಮಾಸ್ತ ಲ್ಯುಪೋಲ್ಟ್. ಪುಸ್ತಕದ ಚಿತ್ರ ಅಂಕಿಗಳನ್ನು ವಿವರಿಸಲೆಂದು ಲೆಕ್ಕದ ಮೇಷ್ಟ್ರು ಮೊರೆಲನನ್ನೂ ಕರೆಸಿದ್ದರು. ಅವನನ್ನು ಬಾಗಿಲ ಬಳಿಯ ಬೆಂಚಿನ ಮೇಲೆ ಕಂಡು ಕ್ರಿಶೋನಾಳ ಎದೆ ಹಗುರಾಯಿತು. ನಾವು ಎನ್ನಲು ಒಬ್ಬನಾದರೂ ಇದ್ದಾನೆ ಎಂದುಕೊಂಡಳು.

ಮೊದಲು ಅವನನ್ನೇ ಕೇಳಿದರು, ಈ ವೃತ್ತಗಳೇನು ಎಂದು. ಮೊರೆಲ್ ಎದ್ದು ನಿಂತು, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ:

"ಸೂರ್ಯನ ಬಿಂಬ ಸ್ವಾಮಿ. ಈ ಹೆಂಗಸು ತನ್ನ ಪಾಡಿಗೆ ಬರೆದುಕೊಂಡದ್ದು. ನಾನು ಅಲ್ಲಲ್ಲಿ ಅಂಕಿ ತಿದ್ದಿಕೊಟ್ಟಿದೀನಿ, ಅಷ್ಟೇ."

ಈ ಹೆಂಗಸು. ಕ್ರಿಶೋನಾ ಆ ಮಾತನ್ನು ಕೇಳಿಯೂ ಕೇಳದವಳಂತೆ ಪಕ್ಕಕ್ಕಿಟ್ಟಳು. ಹೆದರಿದ್ದಾನೆ, ಅನ್ಯದೇಶದವನು, ಇರಲಿ. ಗುಮಾಸ್ತ ದೂರಿನ ಕಾಗದ ಬಿಚ್ಚಿದ. ಬರೆಸಿದವನ ಹೆಸರು ಕಾಗದದ ಮೇಲಿಲ್ಲ, ಕೈಬರಹ ಬಾಡಿಗೆ ಲಿಪಿಕಾರನದು ಎಂದು ತಿಳಿಸಿ ಓದಿದ:

"'...ಮೇಲ್ಕಂಡ ವಿಧವೆಯು ಕಳೆದ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ, ಪ್ರಸಂಗವು ನಡೆಯುತ್ತಿರುವಾಗಲೇ, ಯಾರ ಪ್ರೇರಣೆಯೂ ಇಲ್ಲದೆ ತಾನೇ ಅಟ್ಟವನ್ನು ಹತ್ತಿ...'"

"ನಿಲ್ಲಿಸು," ಎಂದರು ಸಭಾಪಾಲಕರು. "ಎಷ್ಟು ಗಂಟೆಗೆ?"

"ಎಂಟಕ್ಕೆ ಸ್ವಾಮಿ. ಸರಿಯಾಗಿ ಅಂತ ಬೇರೆ ಬರೆದಿದೆ."

"ಎಂಟಕ್ಕೆ ನಾನಿನ್ನೂ ಮನೇಲಿ ಗಂಜಿ ಕುಡೀತಿದ್ದೆ. ಎಂಟಕ್ಕೆ ಯಾರಪ್ಪ ಪ್ರಸಂಗ ಮಾಡ್ತಿದ್ದೋನು?"

ಹಿರಿಯರಲ್ಲೊಬ್ಬರು ಗಡ್ಡದೊಳಗೆ ನಕ್ಕರು. ಗುಮಾಸ್ತನೂ ನಕ್ಕ. ಕ್ರಿಶೋನಾ ನಗಲಿಲ್ಲ. ಅವಳ ಕಿವಿಯಲ್ಲಿ ಕಾಲುವೆಯ ಚಕ್ರ ತಿರುಗಿದಂತೆ ಒಂದೇ ಸದ್ದು. ಬ್ಲೇಸಿ ಈ ಊರಿನಲ್ಲಿ ಹುಟ್ಟಿದವನು. ಒಂಬತ್ತನ್ನು ಒಂಬತ್ತೆಂದಲ್ಲದೆ ಬೇರೆ ಹೇಳಲು ಅವನಿಗೆ ಬರುವುದಿಲ್ಲ. ನೆರೆಯವರು, ಸಂಘದವರು, ಅವಳ ಗಿರಣಿಯ ಮೇಲೆ ಕಣ್ಣಿಟ್ಟ ಯಾವ ಶತ್ರುವೂ ಆ ಬೆಳಿಗ್ಗೆಗೆ ಎಂಟು ಎಂಬ ಹೆಸರು ಕೊಡಲಾರ. ಇಡೀ ಪಟ್ಟಣದಲ್ಲಿ ಎಂಟನ್ನು ಎಂಟೆಂದು ಕರೆಯುವವರು ಇಬ್ಬರೇ. ಅವರಲ್ಲೊಬ್ಬಳು ಇಲ್ಲಿ ನಿಂತಿದ್ದಾಳೆ.

ಅವಳು ನಿಧಾನವಾಗಿ ತಲೆ ತಿರುಗಿಸಿದಳು. ಮೊರೆಲನ ಟೋಪಿ ತಿರುಗುವುದನ್ನು ನಿಲ್ಲಿಸಿತ್ತು. ಕಾಗದವನ್ನು ಗಟ್ಟಿಯಾಗಿ ಓದುತ್ತಾರೆ, ತಾನು ಆ ಕೋಣೆಯಲ್ಲೇ ಇರುತ್ತೇನೆ ಎಂದು ಅವನು ಎಣಿಸಿರಲಿಲ್ಲ. ಒಂದೇ ಒಂದು ಕ್ಷಣ ಇಬ್ಬರ ಕಣ್ಣೂ ಕೂಡಿದವು. ಅವಳಿಗೆ ತಿಳಿಯಿತೆಂಬುದು ಅವನಿಗೆ ತಿಳಿಯಿತು.

ಸಭಾಪಾಲಕರು ಪುಸ್ತಕವನ್ನು ತಿರುವಿ ಭಾನುವಾರದ ಪುಟ ಹುಡುಕಿದರು. ಅಲ್ಲಿಯೂ ಅವಳದೇ ಅಕ್ಷರದಲ್ಲಿ ಎಂಟು ಗಂಟೆ.

"ಇಲ್ಲೂ ಎಂಟೇ ಇದೆ. ಮೇಷ್ಟ್ರೇ, ನೀವು ಲೆಕ್ಕ ಬಲ್ಲವರು. ಇದು ಊರಿನ ಗಂಟೆ ತಾನೆ?"

ಮೊರೆಲ್ ಪುಸ್ತಕದ ಕಡೆ ನೋಡಿದ. ಹೌದೆಂದರೆ ವರ್ಷವಿಡೀ ಮಾಡಿದ ಕೆಲಸ ಸುಳ್ಳು. ಅಲ್ಲವೆಂದರೆ ದೂರು ಬರೆಸಿದವನು ಯಾರೆಂದು ಅಲ್ಲೇ ಬಯಲಾಗುತ್ತದೆ.

"ಈ ಹೆಂಗಸಿನ ಪುಸ್ತಕ ಸ್ವಾಮಿ," ಎಂದ. "ಆಕೆಯನ್ನೇ ಕೇಳಿ."

ಕೇಳಿದರು. ಪ್ರಸಂಗಕ್ಕೆ ಒಂದು ಗಂಟೆ ಮುಂಚೆ ಒದ್ದೆ ಹಾಳೆ ನೋಡಲು ಅಟ್ಟ ಹತ್ತಿದ್ದರೆ ಅದು ತಪ್ಪಲ್ಲ, ಪ್ರಸಂಗ ಮುಗಿದಾಗ ನಿನ್ನನ್ನು ಬಾಗಿಲ ಬಳಿ ಕಂಡವರೂ ಇದ್ದಾರೆ ಎಂದು ಸಭಾಪಾಲಕರು ಮೃದುವಾಗಿಯೇ ಹೇಳಿದರು. ಆದರೆ ಈ ಗಂಟೆ ಊರಿನ ಗಂಟೆಯೇ ಎಂದು ಸತ್ಯವೇದದ ಮೇಲೆ ಕೈಯಿಟ್ಟು ಹೇಳಬೇಕು.

ನಿಜ ಹೇಳಬಹುದಿತ್ತು. ಇದು ಸೂರ್ಯನ ಎಂಟು, ನಿಮ್ಮ ಒಂಬತ್ತು. ಈ ದೂರು ಬರೆಸಿದವನು ಅಗೋ ಆ ಬೆಂಚಿನ ಬಳಿ ನಿಂತಿದ್ದಾನೆ. ಹಾಗೆ ಹೇಳಿದರೆ ಅವನು ಊರು ಬಿಡಬೇಕಾಗುತ್ತಿತ್ತು, ಅವಳು ಗಿರಣಿ ಬಿಡಬೇಕಾಗುತ್ತಿತ್ತು. ಹದಿನಾಲ್ಕು ಆಳುಗಳು, ಚಿಂದಿಯ ಬುಟ್ಟಿಯ ಮೇಲೆ ಕುಳಿತ ಮುದುಕ. ಚರ್ಮದ ಹೊದಿಕೆಯ ಸತ್ಯವೇದ ಮೇಜಿನ ಮೇಲಿತ್ತು. ಅದರ ಹಾಳೆಗಳು ತನ್ನ ಅಜ್ಜನ ತೊಟ್ಟಿಯವು ಎಂಬುದು ಅವಳಿಗೆ ಗೊತ್ತಿತ್ತು. ಮುಚ್ಚಿದ ಮಠಗಳ ಪೂಜಾವೇದಿಕೆಯ ಬಟ್ಟೆಗಳನ್ನು ಅರೆದು ಅಜ್ಜ ಆ ಕಾಗದ ಮಾಡಿದ್ದ. ಅವಳು ಕೈಯಿಟ್ಟಳು.

"ಬಾಸೆಲಿನಲ್ಲಿ ಇರೋದು ಒಂದೇ ಗಂಟೆ ಸ್ವಾಮಿ," ಎಂದಳು. "ಎಂಟು ಅಂದ್ರೆ ಎಂಟೇ."

ದೂರು ವಜಾ ಆಯಿತು. ಮುಂದೆ ಯಾರೂ ಈ ಮಾತನ್ನು ಮತ್ತೆ ಎತ್ತಬಾರದೆಂದು ಗುಮಾಸ್ತ ಲ್ಯುಪೋಲ್ಟ್ ಪುಸ್ತಕದ ಮೊದಲ ಹಾಳೆಯ ಮೇಲೆ ಚೆಂದದ ಅಕ್ಷರಗಳಲ್ಲಿ ಬರೆದ: ಇದರಲ್ಲಿ ದಾಖಲಾದ ಗಂಟೆಗಳೆಲ್ಲ ಬಾಸೆಲ್ ಗಡಿಯಾರದವೆಂದು ಪ್ರಮಾಣಪೂರ್ವಕವಾಗಿ ತಿಳಿದಿದೆ. ಕೆಳಗೆ ಅರಗಿನ ಮುದ್ರೆ ಒತ್ತಿ, ಒಣಗಲೆಂದು ಊದಿ, ನಗುಮುಖದಿಂದ ಅವಳ ಕೈಗೆ ಕೊಟ್ಟ. ಅದರೊಂದಿಗೆ ವರ್ಷವಿಡೀ ಬರೆದ ಚಿತ್ರಗಳೆಲ್ಲ ಒಂದೊಂದು ಗಂಟೆ ತಪ್ಪಾದವು. ಲೈಡನ್ನಿಗೆ ಹಾಗೆಯೇ ಕಳಿಸಿದರೆ ಸುಳ್ಳು ಲೆಕ್ಕ. ತಿದ್ದಿ ಕಳಿಸಿದರೆ ಕರ್ತನ ಮುಂದೆ ಮಾಡಿದ ಪ್ರಮಾಣ ಸುಳ್ಳು.

ಅವಳು ಮನೆಗೆ ಹೋಗಲಿಲ್ಲ. ನೇರವಾಗಿ ಚಿಂದಿ ಆರಿಸುವ ಕೋಣೆಗೆ ಹೋಗಿ, ನಾಳೆಯಿಂದ ತೊಟ್ಟಿಗೆ ನಿಲ್ಲು ಎಂದು ಬ್ಲೇಸಿಗೆ ಹೇಳಿದಳು. ತಪ್ಪಾಯಿತು ಎಂಬುದನ್ನೂ ಹೇಳಿದಳು, ಹೆಂಗಸರೆಲ್ಲ ಕೇಳುವಂತೆಯೇ. ಬ್ಲೇಸಿ ಕೈಯಲ್ಲಿದ್ದ ಗುಂಡಿಯನ್ನು ಡಬ್ಬಿಗೆ ಹಾಕಿದ. ಗುಂಡಿ ಕೀಳೋ ಕೆಲಸ ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ, ಇವರಿಗೆ ಕೂಲಿ ಜಾಸ್ತಿ ಮಾಡಿ ಎಂದಷ್ಟೇ ಅಂದ.

ಮೊರೆಲ್ ಬಂದದ್ದು ಶನಿವಾರ. ಕ್ರಿಶೋನಾ ಅಟ್ಟದಲ್ಲಿ ಒಣಗಿದ ಹಾಳೆ ಇಳಿಸುತ್ತಿದ್ದಳು. ಮೆಟ್ಟಿಲ ಕೊನೆಯಲ್ಲಿ, ಹಿಂದೊಮ್ಮೆ ಬೆರಗಾಗಿ ಕುಳಿತ ಅದೇ ಜಾಗದಲ್ಲಿ, ಅವನು ನಿಂತ. ಅವನು ಸುಳ್ಳು ಹೇಳಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವನು. ವಿಧವೆಯ ಅಟ್ಟದಲ್ಲಿ ನಿನಗೇನು ಕೆಲಸ ಎಂದು ಫ್ರೆಂಚರ ಸಭೆಯವರು ಕೇಳಿದ್ದರು. ಈ ಊರಿನಲ್ಲಿರಲು ಅವನಿಗಿದ್ದ ಅಪ್ಪಣೆ ಮುಂದಿನ ತಿಂಗಳು ಹೊಸದಾಗಬೇಕಿತ್ತು. ಹಿಂದೆ ಎರಡು ಊರುಗಳಿಂದ ಅವನನ್ನು ಹೊರಗಟ್ಟಿದ್ದರು. ಭಾನುವಾರದ ವಿಷಯ ಬೇರೆಯವರ ಬಾಯಿಂದ ಹೊರಬಿದ್ದರೆ ತಾನೂ ಸಿಕ್ಕಿಬೀಳುತ್ತೇನೆ, ತಾನೇ ಮೊದಲು ಹೇಳಿದರೆ ತಪ್ಪಿಸಿಕೊಳ್ಳುತ್ತೇನೆ ಎಂದು ಲೆಕ್ಕ ಹಾಕಿದ. ನಿಮಗೆ ಒಂದು ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದೆ ಎಂದ.

"ನನಗೆ ಇನ್ನೊಂದು ಊರು ಉಳಿದಿರಲಿಲ್ಲ ಅಕ್ಕಾ."

ಕ್ರಿಶೋನಾ ಕೈಯಲ್ಲಿದ್ದ ಹಾಳೆಗಳ ಅಂಚು ಸರಿಮಾಡಿದಳು.

"ನನ್ನ ಮೇಲೆ ದೂರು ಬರೆಸಿದ್ರಿ, ಅದು ಹೆದರಿಕೆ. ಹೆದರಿಕೆ ನನಗೂ ಗೊತ್ತು ಮೇಷ್ಟ್ರೇ. ಬ್ಲೇಸೀನ ಕ್ಷಮಿಸಿಬಿಡಿ ಅಂದ್ರಲ್ಲ, ನನ್ನ ಒಲೆ ಮುಂದೆ ಕೂತು. ಅದೇನು?"

ಮೊರೆಲ್ ಟೋಪಿ ಹಾಕಿಕೊಂಡ. ಇಳಿಯಲು ತಿರುಗಿದವನು ಮತ್ತೆ ಇತ್ತ ತಿರುಗಿದ. ಮುಖದಲ್ಲಿ ನಾಚಿಕೆ ಇತ್ತು. ನಾಚಿಕೆಗಿಂತ ಬಲವಾದುದೂ ಒಂದು ಇತ್ತು. ಮುದ್ರೆ ಬಿದ್ದಿರುವುದು ಮೊದಲ ಹಾಳೆಯ ಮೇಲೆ ಮಾತ್ರ ಎಂದ. ಆ ಒಂದು ಹಾಳೆಯನ್ನು ಹುಷಾರಾಗಿ ಕತ್ತರಿಸಿ ತೆಗೆದರೆ, ಲೈಡನ್ನಿನಲ್ಲಿ ಯಾರಿಗೆ ತಿಳಿಯಬೇಕು? ಹೊಲಿಗೆ ಬಿಚ್ಚುವುದು ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ?

ಅವಳು ಅವನನ್ನು ನೋಡಿದಳು. ಆ ಕಾಗದ ಬರೆಸಿದವನ ಮೇಲೆ ಬಾರದ ಸಿಟ್ಟು, ಹಾಳೆ ಕತ್ತರಿಸಿ ಎಂದವನ ಮೇಲೆ ಈಗ ಬಂತು. ಬಂದಷ್ಟೇ ಬೇಗ ಇಳಿದು, ಎದೆಯಲ್ಲಿ ಬರೀ ಒಂದು ಬಗೆಯ ದಣಿವು ಉಳಿಯಿತು.

"ಈಗ ಗಂಟೆ ಎಷ್ಟು ಮೇಷ್ಟ್ರೇ?"

ಅವನು ಅಭ್ಯಾಸಬಲದಿಂದ ಗವಾಕ್ಷಿಯ ಬಿಸಿಲಿನ ಓರೆಯನ್ನು ನೋಡಿದ. "ಹತ್ತು."

ಗೋಪುರ ಹೊಡೆಯತೊಡಗಿತು. ಅವಳು ಪೂರ್ತಿ ಹನ್ನೊಂದು ಏಟುಗಳನ್ನು ಎಣಿಸಿದಳು.

"ನಾನು ಸತ್ಯವೇದದ ಮೇಲೆ ಕೈಯಿಟ್ಟಾಗಿದೆ, ಈಗ ನನಗೆ ಹನ್ನೊಂದು," ಎಂದಳು. "ಹೋಗಿ ಬನ್ನಿ."

ಅವನು ಇಳಿದ ಸದ್ದು ಕಾಲುವೆಯ ಸದ್ದಿನಲ್ಲಿ ಬೆರೆಯಿತು. ಆಮೇಲೆ ಅವನು ಬೀಳು ಹಾಳೆಗಳನ್ನು ಬೇರೆ ಗಿರಣಿಯಿಂದ ಕೊಳ್ಳತೊಡಗಿದ. ಊರಿನಲ್ಲಿರಲು ಅಪ್ಪಣೆ ಅವನಿಗೆ ಸಿಕ್ಕಿತೆಂದು ಯಾರೋ ಹೇಳಿದರು. ಕ್ರಿಶೋನಾ ಪುಸ್ತಕವನ್ನು ಸುಡಲಿಲ್ಲ, ತೊಟ್ಟಿಗೂ ಹಾಕಲಿಲ್ಲ. ಗಂಡನ ಬಟ್ಟೆಯ ಪೆಟ್ಟಿಗೆಯ ತಳದಲ್ಲಿಟ್ಟಳು.

ದೊಡ್ಡ ಕಲೆ ಅಂಚಿನಾಚೆ ಮರೆಯಾಗಿ ಹದಿನಾಲ್ಕು ದಿನಗಳಾದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಸೂರ್ಯ ನಿಜಕ್ಕೂ ತಿರುಗುತ್ತಿದ್ದರೆ ಕಲೆ ಇಂದು ಮೊದಲಿನ ಅಂಚಿನಲ್ಲಿ ಮತ್ತೆ ಕಾಣಬೇಕು ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಗೋಪುರ ಒಂಬತ್ತು ಹೊಡೆದಾಗ ಅಟ್ಟದಲ್ಲಿದ್ದಳು. ಬಿಂಬ ಕೊನೆಯ ಹಗ್ಗದ ಹಾಳೆಯ ಮೇಲೆ ಬಿತ್ತು. ಅದರ ಅಂಚಿನಲ್ಲಿ, ಶಾಜೀರಿಗೆಯ ಕಾಳಿನಷ್ಟು ತೆಳ್ಳಗೆ, ಅದು ಮರಳಿ ಬಂದಿತ್ತು.

ಸೀಸದ ಕಡ್ಡಿ ಜೇಬಿನಲ್ಲಿತ್ತು. ಅವಳು ಅದನ್ನು ತೆಗೆಯಲಿಲ್ಲ. ಬೆನ್ನ ಹಿಂದೆ ಏದುಸಿರು ಕೇಳಿಸಿತು. ಬ್ಲೇಸಿ ಒದ್ದೆ ಹಾಳೆಗಳ ಹೊರೆ ಹೊತ್ತು ಹತ್ತಿ ಬಂದವನು, ಅವಳು ನೋಡುತ್ತಿದ್ದುದನ್ನು ಬಗ್ಗಿ ನೋಡಿದ.

"ಈ ಕಣ್ಣೀರೂ ನಂದಲ್ಲ ಯಜಮಾನ್ತಿ," ಎಂದ.

"ಗೊತ್ತು ಕಣಪ್ಪಾ," ಎಂದಳು ಕ್ರಿಶೋನಾ, ಹೊರೆಗೆ ಕೈ ಕೊಡುತ್ತ.